ದಟ್ಟ ಗಿಡಗಳ ಮಧ್ಯೆ ಸ್ವಿಮ್ಮಿಂಗ್ ಪೂಲ್: ಕಾಂಕ್ರೀಟಾ, ಫೈಬರ್ರಾ, ನ್ಯಾಚುರಲ್ಲಾ, ಇಲ್ಲ ಸಣ್ಣ ತೊಟ್ಟಿನಾ?

ಮನೆ ಸುತ್ತ ಕಾಡಿನ ಥರ ದಟ್ಟವಾಗಿ ಗಿಡ ಇರ್ಬೇಕು, ಅದರ ಮಧ್ಯೆ ಒಂದು ಪೂಲೂ ಇರ್ಬೇಕು ಅಂತ ಆಸೆ ಇರೋರು ಈಗ ತುಂಬ ಜನ ಸಿಗ್ತಾರೆ. ದೇವನಹಳ್ಳಿ ಕಡೆ ಸೈಟ್ ತಗೊಂಡೋರು, ಮೈಸೂರಿನ ಹೊರಗೆ ಅರ್ಧ ಎಕರೆ ಇಟ್ಕೊಂಡೋರು, ಉಡುಪಿ ಮಂಗಳೂರು ಕಡೆ ಹಿರಿಯರ ಜಾಗದಲ್ಲಿ ಹೊಸ ಮನೆ ಕಟ್ಟೋರು, ಸಕಲೇಶಪುರದಲ್ಲೋ ಕೊಡಗಲ್ಲೋ ಕಾಫಿ ತೋಟದೊಳಗೆ ಮನೆ ಇರೋರು, ಎಲ್ಲರ ಪ್ರಶ್ನೆನೂ ಹೆಚ್ಚುಕಮ್ಮಿ ಒಂದೇ. ಕಾಂಕ್ರೀಟ್ ಪೂಲ್ ಕಟ್ಟಿಸ್ಲಾ, ರೆಡಿಮೇಡ್ ಫೈಬರ್ ಪೂಲ್ ತರಿಸ್ಲಾ, ಕ್ಲೋರಿನ್ ಇಲ್ಲದ ನ್ಯಾಚುರಲ್ ಪೂಲ್ ಮಾಡಿಸ್ಲಾ, ಇಲ್ಲ ಸಣ್ಣದಾಗಿ ಒಂದು ತೊಟ್ಟಿ ಮಾಡಿ ಅಷ್ಟಕ್ಕೇ ಬಿಡ್ಲಾ?

ನಾನು ಹೇಳೋದು, ಪೂಲಿಂದ ಶುರು ಮಾಡ್ಬೇಡಿ, ಗಿಡದಿಂದ ಶುರು ಮಾಡಿ. ಯಾಕಂದ್ರೆ ಗಿಡಕ್ಕೂ ಪೂಲಿಗೂ ಸುಲಭಕ್ಕೆ ಹೊಂದ್ಕೊಳಲ್ಲ. ಮರ ಎಲೆ ಉದುರಿಸತ್ತೆ, ನೆರಳು ಕೊಟ್ಟು ನೀರು ತಣ್ಣಗೆ ಮಾಡತ್ತೆ, ಬೇರು ಗೋಡೆ ಕಡೆ ಬರತ್ತೆ, ನೀವು ಗಿಡಕ್ಕೆ ಹಾಕಿದ ಗೊಬ್ಬರ ಮಳೇಲಿ ತೊಳ್ಕೊಂಡು ಹೋಗಿ ಪೂಲಲ್ಲಿ ಪಾಚಿ ಬೆಳೆಸತ್ತೆ. ಆ ಕಡೆಯಿಂದ ಪೂಲಿನ ಕ್ಲೋರಿನ್ ನೀರು ಚಿಮ್ಮಿ ಗಿಡದ ಎಲೆ ಸುಡತ್ತೆ. ಹಾಗಾಗಿ ಹಸಿರು ನೀರಿಗೆ ಎಷ್ಟು ಹತ್ತಿರ ಬರ್ಬೇಕು ಅನ್ನೋದನ್ನ ಮೊದಲು ಗಟ್ಟಿ ಮಾಡ್ಕೊಂಡ್ರೆ ಯಾವ ಪೂಲ್ ಅನ್ನೋದು ಅರ್ಧ ತೀರ್ಮಾನ ಆದ ಹಾಗೆ.

ಇನ್ನೊಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ. ಮೊಬೈಲಲ್ಲಿ ತೋರಿಸೋ ಫೋಟೋ ಹೆಚ್ಚಿನವು ಬಾಲಿಯದ್ದು. ಅದು ಸಮುದ್ರದ ಮಧ್ಯದ ದ್ವೀಪ, ಗಾಳೀಲಿ ವರ್ಷಪೂರ್ತಿ ತೇವ ಇರತ್ತೆ. ಬೆಂಗಳೂರಿಗೆ ವರ್ಷಕ್ಕೆ ಬೀಳೋದು ಸುಮಾರು 970 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಮೇ ತಿಂಗಳಿಂದ ಅಕ್ಟೋಬರ್ ಒಳಗೆ, ಫೆಬ್ರವರಿ ಮಾರ್ಚಲ್ಲಿ ಮಧ್ಯಾಹ್ನದ ಗಾಳಿ ಪೂರ್ತಿ ಒಣ. ಮಂಗಳೂರಲ್ಲಿ 3,500 ಮಿಲಿಮೀಟರ್ ದಾಟತ್ತೆ, ಅಲ್ಲಿ ಹಸಿರು ತಾನಾಗೇ ಬರತ್ತೆ, ಆದ್ರೆ ಪೂಲ್ ಒಳಗೆ ನೀರು ಬೇಡ ಅಂದ್ರೂ ತುಂಬತ್ತೆ. ಒಂದೇ ಫೋಟೋ ಹಿಡ್ಕೊಂಡು ಎರಡೂ ಕಡೆ ಅದನ್ನೇ ಕಟ್ಟಿದ್ರೆ ಎರಡೂ ಕಡೆ ಬೇರೆ ಬೇರೆ ಥರ ಕಷ್ಟ ಆಗತ್ತೆ.

ಈಗ ಯಾವುದನ್ನ ಇಟ್ಕೊಂಡು ತೂಗ್ಬೇಕು ಅಂತ ನೋಡೋಣ. ನನಗೆ ಎಲ್ಲಕ್ಕಿಂತ ಮೇಲೆ ಬರೋದು ನೀರು. 8 ಮೀಟರ್ ಉದ್ದ 4 ಮೀಟರ್ ಅಗಲ ಸರಾಸರಿ 1.3 ಮೀಟರ್ ಆಳ ಅಂದ್ರೆ ಹತ್ರ ಹತ್ರ 42 ಸಾವಿರ ಲೀಟರ್, ಅಂದ್ರೆ 6,000 ಲೀಟರಿನ ಟ್ಯಾಂಕರ್ ಏಳು. ಅದು ಮೊದಲ ಸಲ ತುಂಬೋಕೆ. ಆಮೇಲೆ ಬೇಸಿಗೇಲಿ ದಿನಕ್ಕೆ ಸುಮಾರು 6 ಮಿಲಿಮೀಟರ್ ಆವಿಯಾಗಿ ಹೋಗತ್ತೆ ಅಂತ ಲೆಕ್ಕ ಹಾಕಿದ್ರೂ 32 ಚದರ ಮೀಟರಿಗೆ ದಿನಕ್ಕೆ 190 ಲೀಟರ್, ತಿಂಗಳಿಗೆ ಮತ್ತೊಂದು ಟ್ಯಾಂಕರ್. 2024ರ ಮಾರ್ಚಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರನ್ನ ಈಜುಕೊಳಕ್ಕೆ ಬಳಸೋ ಹಾಗಿಲ್ಲ, ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿರ್ಬೇಕು ನಿಮಗೆ, ಪಕ್ಕದ ಬೀದೀಲಿ ಜನ ಕೊಡ ಹಿಡ್ಕೊಂಡು ನಿಂತಿರುವಾಗ ಪೂಲಿಗೆ ಟ್ಯಾಂಕರ್ ತರಿಸೋದು ದಂಡಕ್ಕಿಂತ ದೊಡ್ಡ ಸಂಕಟ. ಅದಕ್ಕೇ ಮಳೆ ನೀರಿನ ಸಂಪ್ ಇಲ್ಲದೆ ಪೂಲ್ ಬೇಡ ಅಂತ ನನ್ನ ಅಭಿಪ್ರಾಯ. 150 ಚದರ ಮೀಟರ್ ಚಾವಣಿ ಇದ್ರೆ ಬೆಂಗಳೂರಿನ ಮಳೇಲೇ ವರ್ಷಕ್ಕೆ ಲಕ್ಷ ಲೀಟರ್ ಮೇಲೆ ಹಿಡೀಬಹುದು. ಪೂಲ್ ಕೆಲಸ ಸೆಪ್ಟೆಂಬರ್ ಒಳಗೆ ಮುಗಿಯೋ ಹಾಗೆ ನೋಡ್ಕೊಂಡ್ರೆ ಮೊದಲ ಸಲ ತುಂಬೋದನ್ನ ಮಳೆ ನೀರಲ್ಲೇ ಮಾಡ್ಬಹುದು, ಬೋರ್‌ವೆಲ್ ನೀರಿನ ಗಡಸುತನದಿಂದ ಟೈಲ್ ಮೇಲೆ ಬಿಳಿ ಪದರ ಕಟ್ಟೋದೂ ಕಡಿಮೆ ಆಗತ್ತೆ.

ಎರಡನೇದು ಎಲೆ, ಅದನ್ನ ಗಿಡದ ಭಾಗದಲ್ಲಿ ಹೇಳ್ತೀನಿ. ಮೂರನೇದು ಬಿಸಿಲು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಡಿಸೆಂಬರ್ ಜನವರೀಲಿ ನೆರಳಿರೋ ಪೂಲ್ ನೀರಿಗೆ ಕಾಲಿಡಕ್ಕಾಗಲ್ಲ. ಆ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಪೂಲಿನ ದಕ್ಷಿಣಕ್ಕೆ 10 ಮೀಟರ್ ಎತ್ತರದ ಮರ ಇದ್ರೆ ಮಧ್ಯಾಹ್ನ ಹನ್ನೆರಡೂವರೆಗೂ ಅದರ ನೆರಳು ಸುಮಾರು 7 ಮೀಟರ್ ಉತ್ತರಕ್ಕೆ ಬಿದ್ದಿರತ್ತೆ, ಅಂದ್ರೆ ಪೂರ್ತಿ ಪೂಲ್ ಮೇಲೆ. ಕರಾವಳೀಲಿ ಇದೇ ನೆರಳು ವರ ಅನ್ಸತ್ತೆ, ಅಲ್ಲಿ ಏಪ್ರಿಲಲ್ಲಿ ನೀರು ಉಗುರುಬೆಚ್ಚಗೆ ಆಗ್ಬಿಡತ್ತೆ.

ವಾಸ್ತು ನೋಡೋರು ನೀರು ಈಶಾನ್ಯಕ್ಕೆ, ದೊಡ್ಡ ಮರ ನೈಋತ್ಯಕ್ಕೆ ಅಂತಾರೆ. ಹಾಗೆ ಮಾಡಿದ್ರೆ ಬೆಳಗಿನ ಬಿಸಿಲು ನೀರಿಗೆ ಸಿಗತ್ತೆ, ಸಂಜೆ ಕಡೆ ನೆರಳು ಬರತ್ತೆ, ಅದು ಒಳ್ಳೇದೇ. ಆದ್ರೆ ಮುಂಗಾರಿನ ಗಾಳಿ ಬೀಸೋದೂ ನೈಋತ್ಯ ಪಶ್ಚಿಮದಿಂದ, ಜೂನಿಂದ ಸೆಪ್ಟೆಂಬರ್ ತನಕ ಆ ಮರಗಳ ಎಲೆಯೆಲ್ಲ ನೇರ ಪೂಲಿಗೆ. ಈ ಜಾಗ ಬಿಟ್ರೆ ಬೇರೆ ಇಲ್ಲ ಅನ್ನೋರು ಮರ ಮತ್ತು ಪೂಲ್ ಮಧ್ಯೆ ಆಳೆತ್ತರದ ದಟ್ಟ ಪೊದೆ ಸಾಲು ಹಾಕಿ, ಎಲೆ ಅರ್ಧ ಅಲ್ಲೇ ನಿಲ್ಲತ್ತೆ.

ಉಳಿದಿದ್ದು ಯಾರು ಈಜ್ತಾರೆ, ಯಾರು ನೋಡ್ಕೋತಾರೆ, ನೆಲ ಎಂಥದ್ದು. ದಿನಾ ನಿಜವಾಗ್ಲೂ ಈಜೋರಿಗೆ 10-12 ಮೀಟರಾದ್ರೂ ಉದ್ದ ಬೇಕು. ಮಕ್ಕಳು ಆಡೋಕೆ, ಸಂಜೆ ಕೆಲಸ ಮುಗಿಸಿ ಬಂದು ಮುಳುಗಿ ಕೂರೋಕೆ ಅಷ್ಟು ಬೇಕಾಗಿಲ್ಲ. ಮನೇಲಿ ಹೆಚ್ಚಿನವರು ಎರಡನೇ ಗುಂಪು, ಆದ್ರೆ ಕಟ್ಟಿಸೋದು ಮೊದಲನೇ ಗುಂಪಿನ ಪೂಲ್.

ಕಾಂಕ್ರೀಟ್ ಪೂಲಿನ ದೊಡ್ಡ ಗುಣ ಅಂದ್ರೆ ಆಕಾರ ನಿಮ್ಮಿಷ್ಟ. ಹಳೇ ಮಾವಿನ ಮರ ಇದೆ, ಅದನ್ನ ಉಳಿಸ್ಕೊಂಡು ಪಕ್ಕಕ್ಕೆ ತಿರುಗಿಸ್ಬೇಕು ಅಂದ್ರೆ ಇದೊಂದರಲ್ಲೇ ಸಲೀಸಾಗಿ ಆಗೋದು. ಹಾಗಂತ ಮರದ ಬುಡಕ್ಕೇ ಅಗೀಬೇಡಿ, ಕೊಂಬೆ ಎಲ್ಲಿವರೆಗೆ ಹರಡಿದ್ಯೋ ಅಲ್ಲಿವರೆಗೂ, ಎಷ್ಟೋ ಸಲ ಅದಕ್ಕಿಂತ ಆಚೆಗೂ ಬೇರಿರತ್ತೆ, ಒಂದು ಕಡೆ ಬೇರು ಕಡಿದ್ರೆ ಮರ ಗಾಳೀಲಿ ಬೀಳೋ ಅಪಾಯ ಇರತ್ತೆ. ಖರ್ಚು ಹೆಚ್ಚು, ಸಮಯನೂ ಹೆಚ್ಚು. ಅಗೆತ, ಕಂಬಿ, ಕಾಂಕ್ರೀಟ್, ಕ್ಯೂರಿಂಗ್, ವಾಟರ್‌ಪ್ರೂಫಿಂಗ್, ನೀರು ತುಂಬಿಸಿ ಸೋರತ್ತಾ ನೋಡೋದು, ಆಮೇಲೆ ಟೈಲ್. ಈ ನೀರು ತುಂಬಿಸಿ ನೋಡೋ ಹಂತ ಬಿಟ್ಟು ಟೈಲ್ ಹಾಕೋಣ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ, ಟೈಲ್ ಹಾಕಿದ ಮೇಲೆ ಸೋರೋ ಜಾಗ ಹುಡುಕೋದು ನರಕ. ಗಿಡಗಳ ಮಧ್ಯೆ ಇದರ ದೌರ್ಬಲ್ಯ ಟೈಲ್ ಸಂದಿ, ಪಾಚಿ ಅಲ್ಲೇ ಮೊದಲು ಹಿಡಿಯೋದು, ಎಲೆ ಕೊಳೆತ ಕಂದು ಕಲೆ ಕೂರೋದೂ ಅಲ್ಲೇ. ಸಂದಿ ತುಂಬೋಕೆ ತಿಳಿ ಬಣ್ಣದ ಗ್ರೌಟ್ ಬದಲು ಕಡು ಬೂದು ಹಾಕ್ಸಿ, ಹಸಿರಿನ ಮಧ್ಯೆ ನೀರಿನ ಬಣ್ಣನೂ ಕೆರೆ ಥರ ಚೆನ್ನಾಗಿ ಕಾಣತ್ತೆ. ಧಾರವಾಡ, ವಿಜಯಪುರ ಕಡೆ ಎರೆಮಣ್ಣು ಇರೋರಿಗೆ ಒಂದು ಮಾತು, ಆ ಮಣ್ಣು ಮಳೇಲಿ ಉಬ್ಬತ್ತೆ ಬೇಸಿಗೇಲಿ ಬಿರಿಯತ್ತೆ, ಗೋಡೆ ಸೀಳೋಕೆ ಅಷ್ಟು ಸಾಕು, ಅದಕ್ಕೆ ತಕ್ಕ ಹಾಗೆ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಡಿಸೈನ್ ಮಾಡಿಸ್ದೆ ಕೈ ಹಾಕ್ಬೇಡಿ.

ಫೈಬರ್ ಪೂಲ್ ಫ್ಯಾಕ್ಟರೀಲಿ ಒಂದೇ ತುಂಡಾಗಿ ತಯಾರಾಗಿ ಲಾರೀಲಿ ಬರತ್ತೆ, ಕ್ರೇನಲ್ಲಿ ಎತ್ತಿ ಗುಂಡಿಗೆ ಇಳಿಸ್ತಾರೆ. ಕೆಲಸ ಬೇಗ ಮುಗಿಯತ್ತೆ, ಒಳಗಿನ ಮೈ ನುಣುಪು, ಸಂದಿ ಇಲ್ಲ, ಹಾಗಾಗಿ ಪಾಚಿ ಅಂಟ್ಕೊಳೋದು ಕಡಿಮೆ, ಕೆಮಿಕಲ್ಲೂ ಕಡಿಮೆ ಸಾಕು. ಎಲೆ ಜಾಸ್ತಿ ಬೀಳೋ ತೋಟಕ್ಕೆ ಇದು ನಿಜವಾಗ್ಲೂ ದೊಡ್ಡ ಅನುಕೂಲ, ಇದನ್ನ ಯಾರೂ ಹೇಳಲ್ಲ, ಎಲ್ರೂ ಬೇಗ ಆಗತ್ತೆ ಅನ್ನೋದನ್ನೇ ಹೇಳ್ತಾರೆ. ತೊಂದ್ರೆ ಏನಂದ್ರೆ ಆಕಾರ ಅವರ ಕ್ಯಾಟಲಾಗಲ್ಲಿ ಇದ್ದಷ್ಟೇ, ಅಗಲ ಲಾರಿ ರಸ್ತೇಲಿ ಹೋಗೋವಷ್ಟೇ, ಕ್ರೇನ್ ಬರೋಕೆ ದಾರಿ ಬೇಕು. ಮೇಲೆ ಕರೆಂಟ್ ತಂತಿ, ಎರಡೂ ಕಡೆ ಮರ ಇರೋ ಕಿರಿದಾದ ಬೀದಿ, ಕಾಫಿ ತೋಟದ ತಿರುವಿನ ಮಣ್ಣು ರಸ್ತೆ, ಇಂಥ ಕಡೆ ಮೊದಲೇ ಅಳತೆ ಮಾಡ್ಸಿ. ಗಿಡ ನೆಟ್ಟ ಮೇಲೆ ಪೂಲ್ ತರೋಣ ಅನ್ನೋದಂತೂ ಆಗಲ್ಲ.

ಕರಾವಳಿಯವರು ಇಲ್ಲಿ ಸ್ವಲ್ಪ ಗಮನ ಕೊಡಿ. ಮಳೆಗಾಲದಲ್ಲಿ ಬಾವಿ ನೀರು ಕೈಗೆ ಸಿಗೋ ಮಟ್ಟಕ್ಕೆ ಬರೋ ಊರಲ್ಲಿ ಪೂಲ್ ಖಾಲಿ ಮಾಡಿದ್ರೆ ಕೆಳಗಿನ ನೀರಿನ ಒತ್ತಡಕ್ಕೆ ಫೈಬರ್ ಪೂಲ್ ದೋಣಿ ಥರ ಮೇಲೆದ್ದು ಬರತ್ತೆ, ಕಾಂಕ್ರೀಟ್ ಆದ್ರೆ ತಳ ಬಿರುಕು ಬಿಡಬಹುದು. ತಳದಲ್ಲಿ ಒತ್ತಡ ಬಿಡೋ ವಾಲ್ವ್ ಇಡ್ಸಿ, ಜೂನಿಂದ ಅಕ್ಟೋಬರ್ ತನಕ ಕ್ಲೀನಿಂಗ್ ಅಂತ ಖಾಲಿ ಮಾಡೋಕೆ ಯಾರಿಗೂ ಬಿಡ್ಬೇಡಿ. ಅಲ್ಲಿನ ಬಾವಿ ನೀರಲ್ಲಿ ಕಬ್ಬಿಣದ ಅಂಶ ಇದ್ರೆ ಕ್ಲೋರಿನ್ ಹಾಕಿದ ತಕ್ಷಣ ನೀರು ಕಂದಾಗತ್ತೆ, ಕೆಟ್ಟುಹೋಯ್ತು ಅಂತ ಹೆದರಿ ಇನ್ನಷ್ಟು ಕ್ಲೋರಿನ್ ಸುರೀತಾರೆ. ಮೊದಲು ನೀರು ಟೆಸ್ಟ್ ಮಾಡ್ಸಿ, ಕಬ್ಬಿಣ ಇದ್ರೆ ಫಿಲ್ಟರ್ ಮೂಲಕನೇ ತುಂಬ್ಸಿ.

ನ್ಯಾಚುರಲ್ ಪೂಲ್ ಕೇಳೋರು ದಿನದಿನಕ್ಕೂ ಜಾಸ್ತಿ ಆಗ್ತಿದ್ದಾರೆ, ನನಗೂ ಇದರ ಮೇಲೆ ಪ್ರೀತಿ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಆಸ್ಟ್ರಿಯಾದಲ್ಲಿ 1980ರ ದಶಕದಲ್ಲಿ ಬೆಳೆದು ಬಂದ ಪದ್ಧತಿ ಇದು. ಈಜೋ ಭಾಗ ಒಂದು, ಗಿಡ ಇರೋ ಭಾಗ ಒಂದು, ಹೆಚ್ಚುಕಮ್ಮಿ ಅರ್ಧ ಅರ್ಧ. ಪಂಪ್ ನೀರನ್ನ ಜಲ್ಲಿ ಮತ್ತು ಗಿಡದ ಬೇರಿನ ಮಧ್ಯೆ ಹಾಯಿಸತ್ತೆ, ಬೇರಿನ ಸುತ್ತ ಇರೋ ಸೂಕ್ಷ್ಮಜೀವಿಗಳು ಕೊಳೆ ತಿನ್ನತ್ವೆ, ಗಿಡ ಅದರ ಸಾರ ಹೀರ್ಕೊಳತ್ತೆ, ಪಾಚಿಗೆ ಊಟ ಉಳಿಯಲ್ಲ. ನಮ್ಮಲ್ಲಿ ಇದಕ್ಕೆ ಹೊಂದೋ ಗಿಡ ಬೇಕಾದಷ್ಟಿವೆ, ಜೊಂಡು, ಬಜೆ, ಲಾವಂಚ, ಕೆಸು, ಕ್ಯಾನಾ, ನೈದಿಲೆ. ಕ್ಲೋರಿನ್ ಇಲ್ಲದ ಕಾರಣ ಹಸಿರು ನೀರಿನೊಳಗೇ ಇಳಿದು ಬರತ್ತೆ, ಈ ಸೌಂದರ್ಯ ಬೇರೆ ಯಾವ ಪೂಲಿಗೂ ಬರಲ್ಲ.

ಆದ್ರೆ ನ್ಯಾಚುರಲ್ ಅಂದ ತಕ್ಷಣ ಎಲೆ ಬಿದ್ರೂ ಪರವಾಗಿಲ್ಲ, ನೀರೂ ಕಮ್ಮಿ ಸಾಕು ಅಂತ ಅನ್ಕೋತಾರಲ್ಲ, ಎರಡೂ ಉಲ್ಟಾ. ಬಿದ್ದ ಎಲೆ ಕೊಳೆತ್ರೆ ಅದೇ ಪಾಚಿಗೆ ಗೊಬ್ಬರ, ಕ್ಲೋರಿನ್ ಪೂಲಿಗಿಂತ ಇಲ್ಲಿ ಎಲೆ ಬೇಗ ತೆಗೀಬೇಕು. ಈಜೋ ಜಾಗ 32 ಚದರ ಮೀಟರ್ ಇದ್ರೆ ಒಟ್ಟು ನೀರಿನ ಜಾಗ 64 ಆಗತ್ತೆ, ಆವಿಯಾಗೋದೂ ಅದರ ಲೆಕ್ಕಕ್ಕೇ, ಬೇಸಿಗೇಲಿ ದಿನಕ್ಕೆ 400 ಲೀಟರ್ ಹತ್ರ. ಒಂದೆರಡು ಋತು ಕಳೆಯೋ ತನಕ ನೀರು ತಿಳಿಯಾಗಲ್ಲ, ತಳ ಸ್ವಲ್ಪ ಜಾರೋದು ಸಹಜ. ಪಂಪ್ ಸಣ್ಣದಾದ್ರೂ ಹೆಚ್ಚುಕಮ್ಮಿ ದಿನವಿಡೀ ಓಡ್ಬೇಕು, ಮಲೆನಾಡಲ್ಲಿ ಜುಲೈ ತಿಂಗಳು ದಿನಗಟ್ಟಲೆ ಕರೆಂಟ್ ಹೋದ್ರೆ ಸೋಲಾರ್ ಇಲ್ಲ ಇನ್ವರ್ಟರ್ ವ್ಯವಸ್ಥೆ ಬೇಕೇ ಬೇಕು, ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಒಂದು ವಾರ ಹತ್ತು ದಿನ ಸಾಕು. ಕಪ್ಪೆ ಬರತ್ತೆ, ಕಪ್ಪೆ ಹಿಂದೆ ಹಾವು ಬರತ್ತೆ. ಮತ್ತೆ ಇಲಿ ಜ್ವರ. ಕರಾವಳಿ ಮಲೆನಾಡಲ್ಲಿ ಅದು ಇದ್ದೇ ಇದೆ, ಈ ನೀರಲ್ಲಿ ರೋಗಾಣು ಕೊಲ್ಲೋ ಕೆಮಿಕಲ್ ಇಲ್ಲ, ಹಾಗಾಗಿ ಸಣ್ಣ ಮಕ್ಕಳಿರೋ ಮನೆಗೆ, ಗದ್ದೆ ದನದ ಕೊಟ್ಟಿಗೆ ಪಕ್ಕದ ಮನೆಗೆ ನಾನು ಇದನ್ನ ಹೇಳಲ್ಲ. ಗಿಡ ನೋಡ್ಕೊಳೋದೇ ಖುಷಿ ಅನ್ನೋ, ಜಾಗನೂ ನೀರೂ ಇರೋ ದೊಡ್ಡವರಿಗೆ ಮಾತ್ರ ಇದು.

ಕೊನೇದು ತೊಟ್ಟಿ. 3 ಮೀಟರ್ ಉದ್ದ, ಎರಡೂವರೆ ಅಗಲ, 1.2 ಆಳ ಅಂದ್ರೆ 9,000 ಲೀಟರ್, ಒಂದೂವರೆ ಟ್ಯಾಂಕರ್. ಆವಿಯಾಗೋದು ದಿನಕ್ಕೆ 45 ಲೀಟರ್, ಎರಡು ಮೂರು ಬಕೆಟ್. 30-40 ಸೈಟಲ್ಲೂ ಹಿತ್ತಲು ಇದ್ರೆ ಜಾಗ ಆಗತ್ತೆ. ನನ್ನ ಕೇಳಿದ್ರೆ ದಟ್ಟ ಹಸಿರು ಬೇಕು ಅನ್ನೋ ಹತ್ತರಲ್ಲಿ ಏಳು ಮನೆಗೆ ಸರಿಯಾದದ್ದು ಇದೇ. ಯಾಕೆ ಅಂದ್ರೆ ನ್ಯಾಚುರಲ್ ಪೂಲ್ ಬಿಟ್ರೆ ಇಲ್ಲಿ ಮಾತ್ರ ಗಿಡವನ್ನ ನೀರಿನ ಅಂಚಿಗೇ ತರೋಕಾಗೋದು. ಎಲೆ ಬಿದ್ರೆ ಒಂದೇ ಜಾಗದಲ್ಲಿ ನಿಂತು ಕೈಬಲೇಲಿ ಎತ್ತಿ ಹಾಕ್ಬಹುದು, ರಾತ್ರಿ ಬಲೆಯ ಮುಚ್ಚಳ ಎಳೀಬಹುದು, ಹೊರಗೆ ಹೋಗುವಾಗ ಮರದ ಹಲಗೆ ಮುಚ್ಚಿ ಮಕ್ಕಳ ಭಯ ಇಲ್ಲದೆ ಹೋಗ್ಬಹುದು. ನೀರು ಬದಲಾಯಿಸ್ಬೇಕು ಅನ್ಸಿದ್ರೆ ಕ್ಲೋರಿನ್ ಹಾಕೋದು ನಿಲ್ಸಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಟೆಸ್ಟ್ ಕಿಟ್ಟಲ್ಲಿ ಕ್ಲೋರಿನ್ ಇಳಿದಿದ್ದು ಖಾತ್ರಿ ಮಾಡ್ಕೊಂಡು ಗಿಡಕ್ಕೇ ಬಿಡಬಹುದು. ದೊಡ್ಡ ಪೂಲಲ್ಲಿ ಇದ್ಯಾವುದೂ ಸಲೀಸಲ್ಲ. ಈಜೋಕಾಗಲ್ಲ ಅನ್ನೋದು ನಿಜವಾದ ಕೊರತೆ, ಸೊಂಟಕ್ಕೆ ರಬ್ಬರ್ ಹಗ್ಗ ಕಟ್ಕೊಂಡು ನಿಂತಲ್ಲೇ ಈಜೋದು ಇದೆ, ಆದ್ರೆ ಈಜನ್ನೇ ಪ್ರೀತಿಸೋರಿಗೆ ಅದು ಸಾಕಾಗಲ್ಲ. ಉಳಿದ ದುಡ್ಡಲ್ಲಿ ಸುತ್ತ ಸಾದರಹಳ್ಳಿ ಕಲ್ಲು (ಬೂದು ಗ್ರಾನೈಟ್) ಹಾಸಿ, ಒರಟು ಮೈ ಮಾಡ್ಸಿದ್ರೆ ಒದ್ದೆ ಕಾಲು ಜಾರಲ್ಲ. ಕಪ್ಪು ಕಡಪ ಕಲ್ಲು ನೋಡೋಕೆ ಚಂದ, ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಕ್ಕಾಗಲ್ಲ.

ಕ್ಲೋರಿನ್ನಾ ಉಪ್ಪಾ ಅಂತಾನೂ ಕೇಳ್ತಾರೆ. ಉಪ್ಪಿನ ಸಿಸ್ಟಮ್ಮೂ ಕೊನೆಗೆ ಮಾಡೋದು ಕ್ಲೋರಿನ್ನೇ, ಉಪ್ಪಿನಿಂದ ಅಲ್ಲೇ ತಯಾರಾಗತ್ತೆ ಅಷ್ಟೇ. ಲೀಟರಿಗೆ 3-4 ಗ್ರಾಂ ಲೆಕ್ಕದಲ್ಲಿ 42 ಸಾವಿರ ಲೀಟರಿಗೆ ಸುಮಾರು 150 ಕೆಜಿ ಉಪ್ಪು. ಕಣ್ಣಿಗೆ ಚರ್ಮಕ್ಕೆ ಹಿತ, ಆದ್ರೆ ಅಂಚಿನ ಗಿಡಕ್ಕೆ ಚಿಮ್ಮಿದ ಉಪ್ಪು ಮಣ್ಣಲ್ಲೇ ಉಳಿಯತ್ತೆ, ಮಳೆ ಕಡಿಮೆ ಇರೋ ಬೆಂಗಳೂರು ಮೈಸೂರಲ್ಲಿ ಅದು ಬೇಗ ತೊಳೆದು ಹೋಗಲ್ಲ. ಗಿಡ ಹತ್ತಿರ ಬೇಕು ಅನ್ನೋರು ಮಾಮೂಲಿ ಕ್ಲೋರಿನ್ ಇಟ್ಕೊಂಡು ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.6ರೊಳಗೆ ನೋಡ್ಕೊಂಡ್ರೆ ಸಾಕು. ಫಿಲ್ಟರ್ ತೊಳೆದಾಗ ಹೊರಗೆ ಬರೋ ಬ್ಯಾಕ್‌ವಾಶ್ ನೀರನ್ನ ಮಾತ್ರ ಯಾವ ಗಿಡಕ್ಕೂ ಕೆರೆಗೂ ಬಿಡ್ಬೇಡಿ. ಕರೆಂಟ್ ಲೆಕ್ಕನೂ ಹಾಕಿಡಿ, 1 ಎಚ್‌ಪಿ ಪಂಪ್ ದಿನಕ್ಕೆ 8 ಗಂಟೆ ಓಡಿದ್ರೆ 6 ಯೂನಿಟ್, ತಿಂಗಳಿಗೆ 180.

ಈಗ ಗಿಡ. ನೀರಿನ ಅಂಚಿಂದ ಒಂದೂವರೆ ಮೀಟರ್ ಒಳಗೆ ಉದುರೋದು ಯಾವುದೂ ಬೇಡ, ಸ್ಪೈಡರ್ ಲಿಲಿ, ಸ್ನೇಕ್ ಪ್ಲಾಂಟ್ ಥರದ್ದು ನೀರು ಚಿಮ್ಮಿದ್ರೂ ತಡ್ಕೊಳತ್ತೆ. ಜರಿಗಿಡ ತಡ್ಕೊಳಲ್ಲ, ಅದನ್ನ ಹಿಂದಕ್ಕೆ ಹಾಕಿ. ಅದರಾಚೆ ಹೆಲಿಕೋನಿಯಾ, ಕ್ಯಾನಾ, ಸುರುಳಿ ಸುಗಂಧಿ, ಬಾಳೆ, ಮಾನ್‌ಸ್ಟೆರಾ, ಇವುಗಳ ಎಲೆ ದೊಡ್ಡದು, ಬಿದ್ರೂ ಕೈಲಿ ಎತ್ತಬಹುದು, ಫಿಲ್ಟರಿಗೆ ಹೋಗಲ್ಲ. ದಟ್ಟ ಅನ್ನೋ ಭಾವನೆ ಕೊಡೋದೂ ಈ ದೊಡ್ಡ ಎಲೆಗಳೇ, ಮರಗಳ ಸಂಖ್ಯೆ ಅಲ್ಲ. ಮರಕ್ಕೆ ದೇವಕಣಗಿಲೆ (ಫ್ರಾಂಜಿಪಾನಿ) ನನ್ನ ಮೊದಲ ಆಯ್ಕೆ, ಬೇರು ಗೋಡೆ ಒಡೆಯಲ್ಲ, ಚಳಿಗಾಲದಲ್ಲಿ ಎಲೆ ಉದುರಿಸಿ ಬಿಸಿಲು ಬಿಡತ್ತೆ, ಬೇಸಿಗೇಲಿ ನೆರಳು ಕೊಡತ್ತೆ, ಹೂ ನೀರಲ್ಲಿ ತೇಲಿದ್ರೂ ಚಂದ. ಅದಾದ ಮೇಲೆ ಸೀತಾ ಅಶೋಕ, ನಿಧಾನ ಬೆಳೆಯತ್ತೆ ಆದ್ರೆ ವರ್ಷಪೂರ್ತಿ ಹಸಿರು. ಅಡಿಕೆ ಸಾಲು ಕಡಿಮೆ ಜಾಗದಲ್ಲಿ ಎತ್ತರ ಕೊಡತ್ತೆ, ಅದರ ಹಾಳೆ ಪೂಲಿಗೆ ಬೀಳದಷ್ಟು ದೂರಕ್ಕೆ ನೆಡಿ. ತೆಂಗು ಮಾತ್ರ ಪೂಲ್ ಪಕ್ಕ ಬೇಡವೇ ಬೇಡ, ಕಾಯಿ ತಲೆ ಮೇಲೆ ಬೀಳತ್ತೆ.

ಹೊಂಗೆ ನಮ್ಮ ನೆಲದ ಒಳ್ಳೇ ಮರ, ಆದ್ರೆ ಎಲೆ ಪೂರ್ತಿ ಉದುರಿದ ಮೇಲೆ ಏಪ್ರಿಲಲ್ಲಿ ಹೂ ಚಾಪೆ ಹಾಸಿದಷ್ಟು ಬೀಳತ್ತೆ, ಗೇಟ್ ಹತ್ರ ನೆಡಿ, ಪೂಲ್ ಹತ್ರ ಬೇಡ. ಗುಲ್‌ಮೊಹರ್ ಎಲೆ ಸಣ್ಣ ಪುಡಿ, ಫಿಲ್ಟರ್ ಕಟ್ಟತ್ತೆ. ಪಾರಿಜಾತ, ಆಕಾಶಮಲ್ಲಿಗೆ ಹೂಗಳೂ ಹಾಗೇ. ಬಿದಿರು ಎಲ್ರಿಗೂ ಇಷ್ಟ, ಆದ್ರೆ ವರ್ಷವಿಡೀ ಉದುರತ್ತೆ, ಆಸೆ ಇದ್ರೆ ಗಾಳಿ ಆಚೆ ಹೋಗೋ ಕಡೆ ಮಾತ್ರ. ಆಲ, ಅರಳಿ, ಅತ್ತಿ, ರಬ್ಬರ್ ಗಿಡ ಇವುಗಳ ಬೇರು ಕಾಂಕ್ರೀಟ್ ಸೀಳತ್ತೆ. ಮಾಮೂಲಿ ಕಣಗಿಲೆ (ಒಲಿಯಾಂಡರ್) ವಿಷ, ಮಕ್ಕಳಿರೋ ಮನೇಲಿ ಬೇಡ. ಮತ್ತೆ ಅಡುಗೆಮನೆ ಕಿಟಕಿಯಿಂದ ಪೂಲ್ ಕಾಣೋ ನೇರದಲ್ಲಿ ಮಂಡಿಗಿಂತ ಎತ್ತರದ್ದು ಏನೂ ನೆಡ್ಬೇಡಿ, ದಟ್ಟ ತೋಟದಲ್ಲಿ ಮಗು ಯಾವಾಗ ನೀರಿನ ಹತ್ರ ಹೋಯ್ತು ಅಂತ ಗೊತ್ತಾಗಲ್ಲ. ನಾಲ್ಕಡಿ ಬೇಲಿ, ತಾನೇ ಮುಚ್ಕೊಳೋ ಗೇಟ್, ಇದರಲ್ಲಿ ರಾಜಿ ಬೇಡ, ಆ ಕಿಟಕಿಯ ನೇರ ಬಿಟ್ಟು ಉಳಿದ ಕಡೆ ಬೇಲಿ ಮೇಲೆ ಬಳ್ಳಿ ಹಬ್ಬಿಸಿದ್ರೆ ಬೇಲಿ ಕಣ್ಣಿಗೂ ಕಾಣಲ್ಲ.

ಗಿಡದ ಪಾತಿ ಪೂಲ್ ಅಂಚಿಗಿಂತ ತಗ್ಗಲ್ಲಿರ್ಲಿ, ಇಳಿಜಾರು ಪೂಲಿಂದ ಆಚೆಗೆ ಇರ್ಲಿ. ಇದೊಂದು ತಪ್ಪಿದ್ರೆ ಮೊದಲ ಮಳೇಲೇ ಕೆಂಪು ಮಣ್ಣೂ ಕೊಟ್ಟಿಗೆ ಗೊಬ್ಬರವೂ ನೀರಿಗೆ.

ದುಡ್ಡಿನ ವಿಚಾರಕ್ಕೆ, ಒಟ್ಟು ಬಜೆಟ್ಟಲ್ಲಿ ಕಾಲು ಭಾಗ ಗಿಡ, ಮಣ್ಣು, ಡ್ರಿಪ್‌ಗೆ ಅಂತ ಮೊದಲೇ ತೆಗೆದಿಡಿ, ಇಲ್ಲಾಂದ್ರೆ ಪೂಲೇ ಎಲ್ಲ ತಿಂದು ಕೊನೆಗೆ ಲಾನ್ ಹಾಕಿ ಮುಗಿಸೋ ಹಾಗಾಗತ್ತೆ. ಹಾಗೆ ತೆಗೆದಿಟ್ಟ ಮೇಲೆ ಉಳಿದದ್ದು ಕಾಂಕ್ರೀಟಿಗೆ ಸಾಲಲ್ಲ ಅಂದ್ರೆ ಕಾಂಕ್ರೀಟನ್ನ ಚಿಕ್ಕದು ಮಾಡಿ, ಗಿಡವನ್ನಲ್ಲ. ಕರಾವಳೀಲಿ ದಾರಿ ಅಗಲ ಇದ್ರೆ ಫೈಬರ್, ವಾಲ್ವ್ ಜೊತೆ. ಬೆಂಗಳೂರು ಮೈಸೂರಲ್ಲಿ ಅರ್ಧ ಎಕರೆ ಇದ್ದು ದಿನಾ ಈಜೋರಿದ್ರೆ ಕಾಂಕ್ರೀಟ್, ಉದ್ದಕ್ಕೆ, ಕಿರಿದಾಗಿ. ಕೊಡಗು ಸಕಲೇಶಪುರದಲ್ಲಿ ನೀರು ಇದ್ದು ದೊಡ್ಡವರಷ್ಟೇ ಇರೋ ಮನೆಗೆ ನ್ಯಾಚುರಲ್. ಉಳಿದವರಿಗೆ ತೊಟ್ಟಿ.

ಇನ್ನೂ ಮನಸ್ಸು ಎರಡಾಗಿದ್ರೆ, ಅಡ್ವಾನ್ಸ್ ಕೊಡೋಕೆ ಮುಂಚೆ ಪೂಲ್ ಬರೋ ಜಾಗಕ್ಕೆ ಸುಣ್ಣದ ಪುಡೀಲಿ ಗೆರೆ ಎಳೆದು ಅಷ್ಟಕ್ಕೂ ಟಾರ್ಪಾಲ್ ಹಾಸಿ, ಫೆಬ್ರವರಿ ಮಾರ್ಚಲ್ಲಿ ಮಾಡಿದ್ರೆ ಇನ್ನೂ ಒಳ್ಳೇದು, ಎಲೆ ಉದುರೋ ಕಾಲ. ಒಂದು ವಾರ ದಿನಾ ಸಂಜೆ ಅದರ ಮೇಲೆ ಬಿದ್ದ ಎಲೆ ನೀವೇ ಗುಡಿಸಿ ಬಕೆಟ್ಟಿಗೆ ಹಾಕಿ. ದಿನಕ್ಕೆ ಒಂದು ಬಕೆಟ್ ತುಂಬಿ, ಮೂರನೇ ದಿನಕ್ಕೇ ಬೇಜಾರಾದ್ರೆ ಗೆರೆ ಅಳಿಸಿ ಸಣ್ಣದಾಗಿ ಎಳೀರಿ.